ಸಿಪಾಯಿಯ ಕಾಯಿಲೆ

ಅತ್ತ ಮಗುವಿಗೆ ಹಾಲು ಎಂದು ನಮ್ಮಲ್ಲಿ ಒಂದು ಮಾತುಂಟು. ಸಿಪಾಯಿಗೆ ದಂಡಿನಲ್ಲಿ ಮೊದಲು ಕಲಿಸುವುದೇ ಅಳಬಾರದೆಂಬ ಪಾಠ. ಅಲ್ಲಿರುವಷ್ಟು ಕಾಲ ಇದರಿಂದ ತೊಂದರೆಯಿಲ್ಲ. ಜ್ವರ ಬಂದರೆ ಮೇಲಿನವರೇ ಹಿಡಿದು ವೈದ್ಯರ ಮುಂದೆ ನಿಲ್ಲಿಸುತ್ತಾರೆ. ಮಾತ್ರೆ ನುಂಗುವುದೂ ಅಲ್ಲಿ ಒಂದು ಹುಕುಂ. ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಹುಕುಂ ಕೊಡುವವರಿಲ್ಲ; ಬೇಕಾದುದನ್ನು ತಾನೇ ಬಾಯಿಬಿಟ್ಟು ಕೇಳಬೇಕು. ಈ ಕೇಳುವ ವಿದ್ಯೆ ಅನೇಕ ಮಾಜಿ ಸೈನಿಕರಿಗೆ ಬಾರದು. ನಮ್ಮ ತಾತನವರನ್ನು ಕಂಡೇ ನಾನು ಈ ಮಾತು ಹೇಳುತ್ತಿದ್ದೇನೆ.

ತಾತ 1968ರಲ್ಲಿ ಫಿರಂಗಿ ದಳವನ್ನು ಸೇರಿದರು. 1971ರ ಯುದ್ಧದಲ್ಲಿ ಹಗಲಿರುಳು ಫಿರಂಗಿಯ ಪಕ್ಕದಲ್ಲಿದ್ದರು. 1985ರಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದು, ಚಿನ್ನದ ಗಣಿಯಲ್ಲಿ ಕಾವಲಿನ ಕೆಲಸ ಹಿಡಿದರು. ಗಣಿಯ ಕೆಲಸದೊಡನೆ ಗಣಿಯ ಆಸ್ಪತ್ರೆಯೂ ದೊರೆಯಿತು. ಹೆರಿಗೆಯಿಂದ ಹಿಡಿದು ಕೆಮ್ಮಿನವರೆಗೆ ನಮ್ಮ ಮನೆಯವರಿಗೆ ಅದೇ ಗತಿ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು; ಆಸ್ಪತ್ರೆಯೂ ಪಾಳುಬಿತ್ತು. 2021ರಲ್ಲಿ ಕೋವಿಡ್ ರೋಗಿಗಳಿಗಾಗಿ ಸ್ವಯಂಸೇವಕರು ಅದರ ಧೂಳು ಕೊಡವಿದಾಗ ಹಳಬರು ಕಣ್ಣೊರೆಸಿಕೊಂಡದ್ದುಂಟು.

2003ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಮಾಜಿ ಸೈನಿಕರಿಗಾಗಿ ಒಂದು ಆರೋಗ್ಯ ಯೋಜನೆಯನ್ನು ಆರಂಭಿಸಿತು. ಜನ ಅದನ್ನು ಇ.ಸಿ.ಎಚ್.ಎಸ್. ಎನ್ನುತ್ತಾರೆ. ಪಿಂಚಣಿದಾರರು ಒಮ್ಮೆ ವಂತಿಗೆ ಕಟ್ಟಿದರೆ ಗಂಡಹೆಂಡಿರಿಗೆ ಬದುಕಿರುವವರೆಗೂ ಚಿಕಿತ್ಸೆ. 1996ಕ್ಕೆ ಮುಂಚೆ ನಿವೃತ್ತರಾದವರಿಗೆ ಆ ವಂತಿಗೆಯೂ ಇಲ್ಲ. ಆದರೂ ತಾತ ಸುಮಾರು ಇಪ್ಪತ್ತು ವರ್ಷ ಅದರ ಕಾರ್ಡು ಮಾಡಿಸಲಿಲ್ಲ. "ನನಗೇನಾಗೈತೆ? ಕಷ್ಟದಲ್ಲಿರೋರು ಮಾಡಿಸ್ಕೊಳ್ಳಲಿ" ಎನ್ನುತ್ತಿದ್ದರು. ಅಷ್ಟರಲ್ಲಿ ಅವರ ಕಿವಿ ಮಂದವಾಗುತ್ತ ಬಂದಿತ್ತು. ಅಜ್ಜಿ ಉಪ್ಪು ಕೇಳಿದರೆ ಸೊಪ್ಪು ತಂದುಕೊಡುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದೆವು, ತಾತನೂ ನಗುತ್ತಿದ್ದರು. ಅದು ಯುದ್ಧದ ಪೆಟ್ಟಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಒಪ್ಪಿದರು. ಆಗ ಕಾಗದಗಳ ಕಾಟ ಹತ್ತಿತು. ಡಿಸ್ಚಾರ್ಜ್ ಪುಸ್ತಕದಲ್ಲಿ ಅಜ್ಜಿಯ ಹೆಸರು ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ. ಪ್ರಮಾಣಪತ್ರ, ದಳದ ದಾಖಲೆ ಕಚೇರಿಗೆ ಅರ್ಜಿ, ಮರು ಅರ್ಜಿ ಎಂದು ತಿಂಗಳುಗಳು ಉರುಳಿದವು. ಅರ್ಜಿಗಳನ್ನು ಬರೆದವನು ನಾನು. ತಾತ ಒಬ್ಬರೇ ಆಗಿದ್ದರೆ ಮೊದಲನೆಯ ಅರ್ಜಿಗೇ ಕೈಬಿಡುತ್ತಿದ್ದರು.

ಕಾರ್ಡು ಬಂದ ಮೇಲೆ ಪಾಲಿಕ್ಲಿನಿಕ್ಕಿನ ವೈದ್ಯರ ಚೀಟಿ ಹಿಡಿದು ಬೆಂಗಳೂರಿಗೆ ಹೊರಟೆವು. ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಹೊತ್ತಿಗೆ ಡಬ್ಬಿ ತುಂಬಿತ್ತು. ಗಣಿಗಾಗಿ 1894ರಲ್ಲಿ ತೆರೆದ ಈ ಹಾದಿಯಲ್ಲಿ ಈಗ ಬೆಂಗಳೂರಿಗೆ ದುಡಿಯಲು ಹೋಗುವವರೇ ಹೆಚ್ಚು. ತಾಯಿಯೊಬ್ಬರಿಗೆ ತಾತ ತಮ್ಮ ಜಾಗವನ್ನೇ ಬಿಟ್ಟುಕೊಟ್ಟು, ಮುಂದೆ ಬೆಂಗಳೂರಿನವರೆಗೂ ನಿಂತೇ ಬಂದರು. ಆಸ್ಪತ್ರೆಯ ಕಿಟಕಿಯಲ್ಲಿ ಕುಳಿತಿದ್ದವರು ಚೀಟಿಯನ್ನು ನೋಡಿಯೂ ನೋಡದಂತೆ "ಇದು ನಡೆಯೋದಿಲ್ಲ" ಎಂದರು. ತಾತ "ಆಯ್ತು ಸಾರ್" ಎಂದು ಹಿಂತಿರುಗಿಯೇ ಬಿಟ್ಟರು. "ಇರಿ ತಾತ, ಯಾಕೆ ನಡೆಯೋದಿಲ್ಲ ಅಂತ ಕೇಳೋಣ" ಎಂದೆ. ಕೇಳಿದ್ದಕ್ಕೆ ಪಕ್ಕದ ಕಿಟಕಿಯನ್ನು ತೋರಿಸಿದರು. ಅಲ್ಲಿ ಹತ್ತು ನಿಮಿಷದಲ್ಲಿ ಕೆಲಸವಾಯಿತು. ಒಂದು ಪ್ರಶ್ನೆಯ ಅಂತರದಲ್ಲಿ ಎಷ್ಟು ಮಂದಿ ವೃದ್ಧರು ಮನೆಗೆ ಮರಳುತ್ತಾರೋ!

ನಮ್ಮ ಕಾಲೇಜಿನ ಮಿತ್ರರಲ್ಲಿ ಕೆಲವರ ಮನೆಯ ಟ್ರಂಕಿನಲ್ಲಾದರೂ ಇಂಥ ಒಂದು ಡಿಸ್ಚಾರ್ಜ್ ಪುಸ್ತಕವಿದ್ದೀತು. ಅವರು ಎರಡು ಸಂಗತಿ ತಿಳಿದಿರಬೇಕು. ಜೀವಕ್ಕೆ ಅಪಾಯವಾದಾಗ ಕಾರ್ಡುಳ್ಳವರು ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಬಹುದು. ಎರಡು ದಿನದೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು. ಪಿಂಚಣಿಯಿಲ್ಲದೆ ಬಂದ, ಹವಾಲ್ದಾರ ದರ್ಜೆಯವರೆಗಿನ ಮಾಜಿ ಸೈನಿಕರು ರಕ್ಷಣಾ ಮಂತ್ರಿಗಳ ನಿಧಿಯಿಂದ ಔಷಧೋಪಚಾರಕ್ಕೆ ನೆರವು ಕೋರಿ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಹಾಕಬಹುದು.

ತಾತನ ಕಿವಿಗೆ ಈಗ ಯಂತ್ರ ಬಂದಿದೆ. ಉಪ್ಪು ಉಪ್ಪೇ, ಸೊಪ್ಪು ಸೊಪ್ಪೇ. ಆದರೆ ನಡುರಾತ್ರಿ ಬೆಚ್ಚಿ ಎದ್ದು, ಹೊರಗಿನ ಕಟ್ಟೆಯ ಮೇಲೆ ಬೆಳಗಿನವರೆಗೆ ಕುಳಿತಿರುವ ಅವರ ಹಳೆಯ ಅಭ್ಯಾಸ ಹೋಗಿಲ್ಲ. "ವಯಸ್ಸಾಯ್ತಲ್ಲಪ್ಪ, ನಿದ್ದೆ ಬರೋದಿಲ್ಲ" ಎನ್ನುತ್ತಾರೆ. ಅಜ್ಜಿಯ ಪ್ರಕಾರ ಅವರು ಮೂವತ್ತೈದರ ವಯಸ್ಸಿನಲ್ಲಿ ಊರಿಗೆ ಬಂದಾಗಲೂ ಹೀಗೆಯೇ ಇದ್ದರು. ಮನಸ್ಸಿನ ನೋವಿಗೆ ಟೆಲಿ-ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಆರಂಭವಾಗಿದೆ. 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ. 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೇನೆಯವರಿಗೆಂದೇ ಅದರ ಒಂದು ಘಟಕವೂ ತೆರೆದಿದೆ. ಇದನ್ನೆಲ್ಲ ತಾತನಿಗೆ ಹೇಳಿದೆ. "ನಾನೇನು ಹುಚ್ಚನೇನೋ?" ಎಂದರು.

ಆದರೂ ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ಮೊನ್ನೆ ಯಾವುದೋ ಕಾಗದಕ್ಕಾಗಿ ಡಿಸ್ಚಾರ್ಜ್ ಪುಸ್ತಕ ತೆರೆದಾಗ ಆ ಚೀಟಿ ಒಳಗಿತ್ತು, ಅಂದವಾಗಿ ಮಡಿಸಿ ಇಟ್ಟಿದ್ದರು.