ಒಂದೇ ಹೆಸರಿನ ಎರಡು ಹೊಗೆ

ಹೊಗೆ ವಾಸನೆಯ ವಿಸ್ಕಿ ಇಷ್ಟಪಡುವವರು ಸಾಮಾನ್ಯವಾಗಿ ಬ್ರ್ಯಾಂಡಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ನನಗೆ ಬ್ಯಾಚ್ ನಂಬರೂ ಬೇಕು. ಸೀಸೆ ಕೈಗೆ ಬಂದ ಕೂಡಲೇ ಲೇಬಲ್ಲಿನ ಮೂಲೆಯಲ್ಲಿ ಅದನ್ನು ಹುಡುಕುತ್ತೇನೆ.

ಬೆಂಗಳೂರಿನ ಅಮೃತ್ ಪೀಟೆಡ್ ನನಗೆ ಹತ್ತಿರದ್ದು. 1948ರಲ್ಲಿ ಶುರುವಾದ ಕಂಪನಿ; 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಚಿನ ತವರುನೆಲದ ಗ್ಲಾಸ್ಗೋದಲ್ಲಿಯೇ. ಎಂಥ ಧೈರ್ಯ! ಪೀಟೆಡ್‌ಗೆ ಬೇಕಾದ, ಹೊಗೆ ಹಿಡಿಸಿದ ಬಾರ್ಲಿ ಸ್ಕಾಟ್ಲೆಂಡಿನಿಂದ ಬರುತ್ತದೆ. ಬಟ್ಟಿ ಇಳಿಯುವುದೂ ಪೀಪಾಯಿಯಲ್ಲಿ ಮಾಗುವುದೂ ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲಿ.

ಅದರ ಬೇರೆ ಬೇರೆ ಬ್ಯಾಚಿನ ಎರಡು ಸೀಸೆಗಳನ್ನು ನಮ್ಮೂರು ಭೂತನಾಳದ ಮನೆಯಲ್ಲಿ ಒಂದೇ ದಿನ ತೆರೆದೆವು. ಒಂದೇ ದಿನ ತೆರೆಯಬೇಕು. ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ನಿಂತ ಸೀಸೆಯೊಳಗೆ ಗಾಳಿಯಾಡಿ ಹೊಗೆ ಮಂಕಾಗಿರುತ್ತದೆ. ಬಾಯಿ ಕಿರಿದಾದ ಗ್ಲಾಸು, ಪಕ್ಕದಲ್ಲಿ ಫಿಲ್ಟರ್ ನೀರು. ಬೋರಿನ ಗಡಸು ನೀರು ನಾಲ್ಕು ಹನಿ ಬಿದ್ದರೂ ರುಚಿ ಕೆಡುತ್ತದೆ.

ಜೊತೆಗಿದ್ದ ನಮ್ಮ ಕಾಕಾ ಕುಡಿಯುವವರಲ್ಲ. ಮೂಗು ಮಾತ್ರ ತಂದು ಮೊದಲ ಗ್ಲಾಸಿನ ಮೇಲೆ ಹಿಡಿದರು. “ಸೀತನಿ ಸುಟ್ಟಂಗ ಐತಿ, ಆದ್ರ ಇದು ಕುಳ್ಳಿನ ಹೊಗಿ ಅಲ್ಲೋ ತಮ್ಮಾ. ಹಸಿ ಬೇರು ಸುಟ್ಟ ಹೊಗಿ.”

ಕಾಕಾನ ಮೂಗಿಗೆ ಕೈಮುಗಿಯಬೇಕು. ಪೀಟ್ ಅಂದರೆ ಜವುಳು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಕೂತ ಪಾಚಿ, ಹುಲ್ಲು, ಬೇರುಗಳ ಹೆಂಟೆಯೇ. ಅದರ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುತ್ತಾರೆ. ನಮ್ಮ ಎರೆಹೊಲದಲ್ಲಿ ಜನವರಿಯ ಹೊತ್ತಿಗೆ ಕುಳ್ಳಿನ ಕೆಂಡದೊಳಗೆ ಹಾಲುಗಾಳಿನ ಬಿಳಿಜೋಳದ ತೆನೆ ಹೂಳಿ, ಸುಡುಸುಡು ಇರುವಾಗಲೇ ತಿಕ್ಕಿ ಸೀತನಿ ಕಾಳು ಉದುರಿಸುತ್ತಾರಲ್ಲ, ಆಗ ಅಂಗೈಗೆ ಹತ್ತುವ ವಾಸನೆಗೆ ಇದು ದೂರದ ನೆಂಟ.

ಮೊದಲ ಸೀಸೆಯಲ್ಲಿ ಹೊಗೆ ಬಾಗಿಲಲ್ಲೇ ನಿಂತಿತ್ತು: ಬೂದಿ, ನಿಂಬೆಸಿಪ್ಪೆ, ಆಮೇಲೆ ನಿಧಾನಕ್ಕೆ ಜೇನು. ಎರಡನೆಯದರಲ್ಲಿ ಮೊದಲು ಬಂದದ್ದು ವೆನಿಲಾ, ಕಳಿತ ಬಾಳೆಹಣ್ಣು. ಹೊಗೆ ಎಲ್ಲಿ ಎಂದು ಹುಡುಕುತ್ತಿರುವಾಗ, ನುಂಗಿದ ಮೇಲೆ, ಗಂಟಲಿನಿಂದ ಅದು ಮೇಲೆದ್ದಿತು. ನಾಲ್ಕು ಹನಿ ನೀರು ಬಿದ್ದದ್ದೇ ಮೂಗಿಗೂ ಬಂತು. ನನಗೆ ಮೆಚ್ಚುಗೆಯಾದದ್ದು ಈ ತಡವಾಗಿ ಬಂದ ಹೊಗೆಯೇ.

ಹೀಗೇಕೆ? ಹೊಗೆಯ ಅಳತೆಯೆಂದು ಹೇಳುವ ಫಿನಾಲ್ ಅಂಕಿ ಸಾಮಾನ್ಯವಾಗಿ ಬಾರ್ಲಿಯದು, ಗ್ಲಾಸಿನದಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಾಗವೂಲಿನ್, ಕಾಲ್ ಈಲಾ ಎರಡೂ ಡಿಸ್ಟಿಲರಿಗಳಿಗೆ ಅಲ್ಲಿನ ಪೋರ್ಟ್ ಎಲೆನ್ ಮಾಲ್ಟಿಂಗ್ಸ್‌ನಿಂದ ಹೆಚ್ಚುಕಡಿಮೆ ಒಂದೇ ಹದದ ಬಾರ್ಲಿ ಹೋಗುತ್ತದೆ. ರುಚಿ ಮಾತ್ರ ಬೇರೆ ಬೇರೆ. ಬಟ್ಟಿ ಇಳಿಸುವಾಗ ಹೊಗೆಯ ಅಂಶ ಕೊನೆಕೊನೆಗೆ ಹೆಚ್ಚು ಬರುತ್ತದೆ, ಆದ್ದರಿಂದ ಎಲ್ಲಿ ನಿಲ್ಲಿಸಿದರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಪೀಪಾಯಿ: ಹೊಸ ಮರವೋ, ಬರ್ಬನ್ ಕುಡಿದು ಬಂದ ಹಳೆಯದೋ. ಅದರ ಮೇಲೆ ನಮ್ಮ ಸೆಕೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು. ಅಲ್ಲಿ ಹತ್ತು ವರ್ಷ ಮಾಡುವ ಕೆಲಸವನ್ನು ಇಲ್ಲಿನ ಮರ ಅವಸರದಲ್ಲಿ ಮುಗಿಸುತ್ತದೆ. ಒಂದೆರಡು ಬೇಸಿಗೆ ಹೆಚ್ಚು ಕಂಡ ಪೀಪಾಯಿಯಲ್ಲಿ ಮರದ ಸಿಹಿ ಏರಿ ಹೊಗೆ ಹಿಂದೆ ಸರಿಯುತ್ತದೆ.

ಈ ಏರುಪೇರನ್ನು ಮುಚ್ಚಿಡದವರ ಮೇಲೆ ನನಗೆ ಗೌರವ. ಅದೇ ಐಲಾದ ಲಫ್ರೋಯ್ಗ್‌ನವರು ನೀರು ಬೆರೆಸದ ಹತ್ತು ವರ್ಷದ ವಿಸ್ಕಿಗೆ 2009ರಿಂದ ಬ್ಯಾಚ್ ನಂಬರ್ ಹಾಕುತ್ತಿದ್ದಾರೆ. ಮೊದಲನೆಯದರಲ್ಲಿ ಮದ್ಯಸಾರ ಶೇ. 57.8, 2011ರ ಮೂರನೆಯದರಲ್ಲಿ ಶೇ. 55.3. ಪೀಪಾಯಿಗಳು ಕೊಟ್ಟದ್ದನ್ನು ಹಾಗೇ ಬರೆದಿದ್ದಾರೆ. ಪ್ರತಿ ಸೀಸೆಯೂ ಒಂದೇ ಥರ ಇರಬೇಕೆಂದು ಬಯಸುವವರಿಗೆ ಅಂಗಡಿಯಲ್ಲಿ ಬೇಕಾದಷ್ಟು ಬ್ಲೆಂಡುಗಳಿವೆ.

ಕಾಕಾ ಎರಡನೆಯ ಗ್ಲಾಸನ್ನೂ ಮೂಸಿ ನೋಡಿದರು. “ಇದರಾಗ ಬೆಂಕಿ ಆರಿದ ಮ್ಯಾಲಿನ ವಾಸನಿ,” ಅಂದರು. ನಾನು ಆ ಮಾತನ್ನೇ ಬ್ಯಾಚ್ ನಂಬರಿನ ಪಕ್ಕ ಬರೆದಿಟ್ಟುಕೊಂಡೆ.