ಕಟುಕಿಯ ಪುಡಿ, ಗಲ್ಲಾದ ಕುರ್ಚಿ

ಜೂನ್ 9, ಹಾಸನ

ಬೆಂಗಳೂರಿನಲ್ಲಿ ಬೇಕರಿ ಇಟ್ಟಿರುವ ನಮ್ಮ ಕಡೆಯವರೊಬ್ಬರು ಬಂದಿದ್ದರು. ಐವತ್ತರ ಆಸುಪಾಸು, 86 ಕಿಲೋ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ ಎರಡು, ರಕ್ತದಲ್ಲಿ ಲಿವರ್ ಕಿಣ್ವ ಎಸ್‌ಜಿಪಿಟಿ 92. ಕೂತವರೇ ಕೇಳಿದರು: 'ಡಾಕ್ಟ್ರೇ, ಒಂದು ತೊಟ್ಟು ಕುಡಿದವನಲ್ಲ. ನನಗ್ಯಾಕೆ ಲಿವರ್ ಕೆಟ್ಟಿತು?'

ಬೆಳಗಿನ ಜಾವ ಓವನ್ ಮುಂದೆ ಟೀ, ಬನ್ನು. ಮಧ್ಯಾಹ್ನ ಊಟದ ಮೇಲೆ ನಿದ್ದೆ. ಉಳಿದ ಹೊತ್ತೆಲ್ಲ ಗಲ್ಲಾದ ಕುರ್ಚಿ. ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚಿ ಹೊಟ್ಟೆತುಂಬ ಅನ್ನ.

ರಾತ್ರಿ ಚರಕಸಂಹಿತೆಯ ಸಂತರ್ಪಣೀಯ ಅಧ್ಯಾಯ ತೆಗೆದೆ. ಹೊಸ ಧಾನ್ಯ, ಬೆಲ್ಲದ ತಿನಿಸು, ಹಿಟ್ಟಿನ ತಿನಿಸು, ಹಗಲುನಿದ್ದೆ, ಮೈಬಗ್ಗಿಸಲು ಬೇಸರ. ಅತಿಪೋಷಣೆಯ ರೋಗಗಳಿಗೆ ಹೇಳಿರುವ ಈ ಕಾರಣಗಳಲ್ಲಿ ಆ ಮನುಷ್ಯನ ದಿನಚರಿ ಪೂರ್ತಿ ಬಂದುಬಿಟ್ಟಿದೆ. ಈ ಕಾಯಿಲೆಯನ್ನು ಯಕೃತ್ತು ಹಿಗ್ಗುವ ಹೊಟ್ಟೆರೋಗವಾದ ಯಕೃದ್ದಾಲ್ಯುದರಕ್ಕೆ ಬಲವಂತವಾಗಿ ಹೊಂದಿಸುವುದು ನನಗೆ ಒಪ್ಪಿಗೆಯಿಲ್ಲ. ಕಾರಣ ಸಿಕ್ಕಿದೆ, ನಿದಾನ ಪರಿವರ್ಜನದಿಂದಲೇ, ಅಂದರೆ ಆ ಕಾರಣಗಳನ್ನು ಬಿಡಿಸುವುದರಿಂದಲೇ ಶುರು ಮಾಡಬೇಕು.

ಜೂನ್ 12

ಮೈದಾ, ಸಕ್ಕರೆ, ಹಗಲುನಿದ್ದೆ ಬಂದ್. ರಾತ್ರಿಯೂಟ ಎಂಟರೊಳಗೆ: ಜವೆಗೋಧಿ ಗಂಜಿ ಅಥವಾ ಹುರುಳಿ ಸಾರಿನ ಜೊತೆ ಸಣ್ಣ ಮುದ್ದೆ. ಮಧ್ಯಾಹ್ನ ಬೆಣ್ಣೆ ತೆಗೆದ ಮಜ್ಜಿಗೆ. ದಿನವೂ ಬೆವರು ಬರುವಷ್ಟು ನಡಿಗೆ. ಇದನ್ನೆಲ್ಲ ಬರೆದುಕೊಟ್ಟರೆ ಮುಖ ಸಪ್ಪಗಾಯಿತು. 'ಔಷಧಿ?' ಅಂದರು. ಕಟುಕಿ ಪುಡಿ ಒಂದು ಗ್ರಾಂ, ನೆಲನೆಲ್ಲಿಯ ಕಷಾಯ. ಆಗ ಮುಖ ಅರಳಿತು.

ನನ್ನನ್ನು ಕಾಡುವುದು ಇದೇ. ಪಥ್ಯವನ್ನು ಔಷಧಿಯ ಬಾಲಂಗೋಚಿ ಅಂದುಕೊಂಡು ಬರುತ್ತಾರೆ. ಹಿಮಾಲಯದಲ್ಲಿ ಮೂರು ಸಾವಿರ ಮೀಟರಿನಾಚೆ ಬೆಳೆಯುವ ಕಟುಕಿಯನ್ನು ಬೇರುಸಹಿತ ಕಿತ್ತು ತಂದು, ಅದರ ಮೇಲೆ ಕೇಕು ತಿಂದರೆ ಆ ಗಿಡಕ್ಕೂ ಅನ್ಯಾಯ.

ಜುಲೈ 4

ಜಡಿಮಳೆ. ತೋಟದ ಬದುವಿನಲ್ಲಿ ನೆಲನೆಲ್ಲಿ ಎದ್ದಿದೆ.

ಬೇಕರಿಯವರ ಫೋನು. ಭಾವಮೈದ ಆರೋಗ್ಯವರ್ಧಿನಿ ಮಾತ್ರೆ ತರಿಸಿಕೊಟ್ಟಿದ್ದಾನೆ, ಅಮೃತಬಳ್ಳಿ ರಸವನ್ನೂ ಕುಡಿ ಅಂದಿದ್ದಾನೆ. ಎರಡನ್ನೂ ಮುಟ್ಟಬೇಡಿ ಎಂದೆ. ಆರೋಗ್ಯವರ್ಧಿನಿ ಒಳ್ಳೆಯ ಯೋಗವೇ. ಆದರೆ ಅದರಲ್ಲಿ ಪಾದರಸ, ಗಂಧಕ, ತಾಮ್ರಭಸ್ಮ ಇವೆ. ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಳ್ಳಬೇಕಾದ್ದು. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾಯಿತೆಂದು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದರು. ಅದೇ ಜಾತಿಯ ಬೇರೆ ಬಳ್ಳಿ ಸೇರಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಏನೇ ಇರಲಿ, ಲಿವರ್ ಸೊರಗಿದವರಿಗೆ ಮೂಲಿಕೆ ಕೊಟ್ಟ ಮೇಲೆ ರಕ್ತ ಪರೀಕ್ಷೆ ಮಾಡಿಸುವುದು ವೈದ್ಯರ ಕರ್ತವ್ಯ. ನಾನು ಬಿಡುವುದಿಲ್ಲ.

ಆಗಸ್ಟ್ 17

83 ಕಿಲೋ, ಎಸ್‌ಜಿಪಿಟಿ 61. ಕಟುಕಿಯಿಂದ ಭೇದಿ ಹೆಚ್ಚಾಗಿದೆ ಎಂದರು. ಅರ್ಧಕ್ಕಿಳಿಸಿದೆ.

ಅಕ್ಟೋಬರ್ 11

ಶರದೃತು, ಪಿತ್ತ ಕೆರಳುವ ಕಾಲ. ಭೇದಿ ಮಾಡಿಸಿ ಶುದ್ಧಿಮಾಡುವ ವಿರೇಚನಕ್ಕೆ ಹೊತ್ತು ಸರಿಯಾಗಿದೆ. ಆದರೆ ಅದಕ್ಕೆ ಮೊದಲು ತುಪ್ಪ ಕುಡಿಸಬೇಕು. ಈ ಶರೀರಕ್ಕೆ ಅದು ಬೇಡವೆನಿಸಿ ಕೈಬಿಟ್ಟೆ.

80 ಕಿಲೋ, ಎಸ್‌ಜಿಪಿಟಿ 44, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಒಂದು. 'ಪುಡಿ ಕೆಲಸ ಮಾಡಿತು' ಎಂದು ಕೈಮುಗಿದರು. ಮೈತೂಕದ ನೂರಕ್ಕೆ ಏಳು ಪಾಲು ಕರಗಿದೆ, ಅಷ್ಟು ಇಳಿದರೆ ಯಕೃತ್ತಿನ ಕೊಬ್ಬು ಇಳಿಯುತ್ತದೆಂದು ಅಲೋಪತಿಯವರೂ ಹೇಳುತ್ತಾರೆ, ದೊಡ್ಡ ಪಾಲು ನಿಮ್ಮ ಕಾಲಿನದು ಎಂದೆ. ಪುಡಿಯ ಪಾಲೆಷ್ಟೆಂದು ಒಬ್ಬರನ್ನು ನೋಡಿ ಬೇರ್ಪಡಿಸಿ ಹೇಳಲಾಗದು ಎಂದೂ ಹೇಳಿದೆ. ಕಟುಕಿ ನಿಲ್ಲಿಸಿದೆ, ನಡಿಗೆ, ಪಥ್ಯ ಮುಂದುವರಿಯಲಿ.

ಅವರ ಹೆಂಡತಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆಯಂತೆ. ಆದರೂ ಆಕೆಯ ಲಿವರನ್ನು ಯಾರೂ ನೋಡಿಲ್ಲ. ಮುಂದಿನ ಸಲ ಕರೆತರಲು ಹೇಳಿದ್ದೇನೆ.