ಐವತ್ತು ದಾಟಿದ ಮೇಲೆ ನೀರಿಗಿಳಿದದ್ದು

"ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ ಮಾರಾಯ್ರೇ?"

ಈ ಪ್ರಶ್ನೆಯನ್ನು ನಮ್ಮ ಮುಂದೆ ಎಷ್ಟು ಜನ ಇಟ್ಟಿದ್ದಾರೋ ಲೆಕ್ಕವಿಲ್ಲ. ಮನೆಯವರು ಕೇಳಿದರು, ಬಿಸಿಯೂಟದ ಅಕ್ಕ ಕೇಳಿದರು, ಬಸ್ ಕಂಡಕ್ಟರ್ ಕೇಳಿದ. ಹೆಡ್ ಮಾಷ್ಟ್ರು ಮಾತ್ರ ಏನೂ ಕೇಳದೆ, "ಸಿ.ಎಲ್. ಎಷ್ಟು ಉಳಿದಿದೆ ನೋಡಿಕೊಳ್ಳಿ" ಎಂದರು!

ನಾವು ಎಂದರೆ ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಯು.ಪಿ. ಶಾಲೆಯ ಮೂವರು. ಗಣಿತದ ಮಾಷ್ಟ್ರು, ಕನ್ನಡದ ಮಾಷ್ಟ್ರು, ಹಿಂದಿ ಟೀಚರ್. ಮೂವರ ವಯಸ್ಸನ್ನು ಕೂಡಿಸಿದರೆ 157. ಕೇರಳದಲ್ಲಿ ನಮ್ಮ ಕಾಲದವರಿಗೆ 56ಕ್ಕೆ ನಿವೃತ್ತಿಯಾದ್ದರಿಂದ ಕನ್ನಡದವರಿಗೆ ಉಳಿದಿರುವುದು ಎರಡೇ ವರ್ಷ. ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಬಿ.ಪಿ., ಇನ್ನೊಬ್ಬರಿಗೆ ಎರಡೂ ಇಲ್ಲ ಎಂಬ ಅಹಂಕಾರ. ಇಂಥ ನಮಗೆ ಟ್ರಯತ್ಲಾನ್ ಎಂಬ ಹುಚ್ಚು ಹಿಡಿದದ್ದು ಏಳನೆಯ ತರಗತಿಯ ಒಬ್ಬಳು ಹುಡುಗಿಯಿಂದ.

2023ರಲ್ಲಿ ಕ್ವಿಜ್ ತಯಾರಿ ನಡೆಯುತ್ತಿದ್ದಾಗ ಅವಳು "ಟ್ರಯತ್ಲಾನ್ ಅಂದರೆ ಎಂತ ಟೀಚರ್?" ಎಂದು ಕೇಳಿದಳು. ಮೂವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನದೆ "ನಾಳೆ ಹೇಳುತ್ತೇವೆ" ಎಂದೆವು. ಅಧ್ಯಾಪಕರ ಹಳೆಯ ಉಪಾಯ ಇದು, ನಿಮಗೂ ಗೊತ್ತಿದ್ದೀತು!

ಆ ರಾತ್ರಿ ಓದಿ ತಿಳಿದದ್ದು ಇಷ್ಟು. ಈಜು, ಸೈಕಲ್, ಓಟ, ಮೂರನ್ನೂ ಒಂದರ ಹಿಂದೊಂದು ನಿಲ್ಲಿಸದೆ ಮುಗಿಸುವುದೇ ಟ್ರಯತ್ಲಾನ್. ಈಗಿನ ರೂಪದ ಮೊದಲ ಸ್ಪರ್ಧೆ ನಡೆದದ್ದು 1974ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ. 1978ರಲ್ಲಿ ಹವಾಯಿಯಲ್ಲಿ ಹದಿನೈದು ಜನ ಸೇರಿ ಮೊದಲ ಐರನ್‌ಮ್ಯಾನ್ ಓಡಿದರು, ಹನ್ನೆರಡು ಜನ ಮುಗಿಸಿದರು. 2000ದ ಸಿಡ್ನಿಯಲ್ಲಿ ಇದು ಒಲಿಂಪಿಕ್ಸಿಗೆ ಬಂತು. ಅಲ್ಲಿನ ಲೆಕ್ಕ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದರ ಅರ್ಧಕ್ಕೆ 'ಸ್ಪ್ರಿಂಟ್' ಎನ್ನುತ್ತಾರೆ: 750 ಮೀಟರ್, 20 ಕಿ.ಮೀ., 5 ಕಿ.ಮೀ.

ಇಷ್ಟೇ ಆಗಿದ್ದರೆ ಮರುದಿನ ಮಕ್ಕಳಿಗೆ ಹೇಳಿ ಮರೆತುಬಿಡುತ್ತಿದ್ದೆವು. ಆದರೆ ಇಬ್ಬರ ಕಥೆ ನಮ್ಮ ನಿದ್ದೆ ಕೆಡಿಸಿತು. ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬುಡರ್ ಮೊದಲ ಟ್ರಯತ್ಲಾನ್ ಮಾಡಿದ್ದು 52ರಲ್ಲಿ. 2012ರಲ್ಲಿ 82ನೇ ವಯಸ್ಸಿನಲ್ಲಿ ಅವರು ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ಜಪಾನಿನ ಹಿರೋಮು ಇನಾಡ ಈಜಲು ಶುರು ಮಾಡಿದ್ದೇ 60ಕ್ಕೆ ನಿವೃತ್ತರಾದ ಮೇಲೆ. ಮೊದಲ ಟ್ರಯತ್ಲಾನ್ 70ರಲ್ಲಿ. 2018ರಲ್ಲಿ, 85ನೇ ವಯಸ್ಸಿನಲ್ಲಿ, ಹವಾಯಿಯ ಐರನ್‌ಮ್ಯಾನ್ ಮುಗಿಸಿದರು. "ನಾವು ಬರೀ ಸ್ಪ್ರಿಂಟ್ ಮಾಡಬಾರದೇ?" ಎಂದು ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ಯಾರೋ ಅಂದರು. ಯಾರು ಅಂದದ್ದು ಎಂಬ ಬಗ್ಗೆ ಈಗಲೂ ಜಗಳ ಉಂಟು.

ಮೊದಲು ವೈದ್ಯರಲ್ಲಿಗೆ ಹೋದೆವು. ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆ ಆಯಿತು. "ನಿಧಾನವಾಗಿ ಮಾಡಿ, ಎದೆ ಬಿಗಿದರೆ ನಿಲ್ಲಿಸಿ" ಎಂದರು. ಓಟಕ್ಕೆ ಶಾಲೆಯ ಮೈದಾನ ಇತ್ತು. ಸೈಕಲುಗಳೂ ಒದಗಿದವು: ಒಂದು ಹಳೆಯ ಹೀರೋ, ಒಂದು ಮಗನ ಗೇರ್ ಸೈಕಲ್, ಒಂದು ಮಗಳ ಲೇಡೀಸ್ ಸೈಕಲ್. ಸಮಸ್ಯೆ ಇದ್ದದ್ದು ನೀರಿನದು. ಹೊಳೆ, ತೋಡು, ಕೆರೆ, ಮದಕ, ಸುರಂಗ ಎಲ್ಲ ಇರುವ ಊರಲ್ಲಿ ಹುಟ್ಟಿ ಬೆಳೆದರೂ ಮೂವರಿಗೂ ಈಜು ಬರುತ್ತಿರಲಿಲ್ಲ!

ನಮ್ಮಲ್ಲಿ ಮಳೆ ಹೋದ ಮೇಲೆ ತೋಟಕ್ಕೆ ನೀರು ಬೇಕೆಂದು ತೋಡಿಗೆ ಕಟ್ಟ ಹಾಕುತ್ತಾರಲ್ಲ, ಅಂಥ ಒಂದು ಕಟ್ಟ ಶಾಲೆಯ ಕೆಳಗೇ ಉಂಟು. ಡಿಸೆಂಬರಿನಲ್ಲಿ ಹಲಗೆ ಇಳಿಸಿದರೆ ಐವತ್ತು ಮೀಟರಿನಷ್ಟು ಉದ್ದಕ್ಕೆ ನೀರು ನಿಲ್ಲುತ್ತದೆ. ಈಜು ಕಲಿಸುವವರು ಯಾರು ಎಂದು ವಿಚಾರಿಸಿದಾಗ ಎಲ್ಲರೂ ಒಂದೇ ಹೆಸರು ಹೇಳಿದರು. ಆ ಹೆಸರು ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು.

ಅವನು ನಮ್ಮದೇ ಹಳೆಯ ವಿದ್ಯಾರ್ಥಿ. ಏಳನೆಯ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟವನು. ಈಗ ಅಡಿಕೆ ಮರ ಹತ್ತಿ ಮದ್ದು ಬಿಡುವ ಕೆಲಸ ಮಾಡುತ್ತಾನೆ. ಇಪ್ಪತ್ತೆರಡು ವರ್ಷದ ಹಿಂದೆ ಅವನಿಗೆ ಏಳರ ಮಗ್ಗಿ ಬರುತ್ತಿರಲಿಲ್ಲ, ಒತ್ತಕ್ಷರ ತಪ್ಪುತ್ತಿತ್ತು, ಹಿಂದಿ ಅಂತೂ ಓದಲೇ ಆಗುತ್ತಿರಲಿಲ್ಲ. ಅವನ ಅಂಗೈಗೆ ಬೆತ್ತದಲ್ಲಿ ಹೊಡೆದವರು ನಮ್ಮಲ್ಲಿ ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದವರು ತಪ್ಪಿಸಿಕೊಂಡಂತಾಗುತ್ತದೆ. ಹೊಡೆಯದವರು "ಇಷ್ಟೂ ಗೊತ್ತಾಗುವುದಿಲ್ಲವಾ?" ಎಂದು ತರಗತಿಯ ಎದುರು ದಿನಾ ಕೇಳಿದ್ದರು.

ಅವನು ಒಂದು ಮಾತೂ ಆಡದೆ ಒಪ್ಪಿದ. 2023ರ ಡಿಸೆಂಬರಿನಲ್ಲಿ, ಬೆಳಿಗ್ಗೆ ಆರೂವರೆಗೆ ಪಾಠ ಶುರು. ಲಾರಿ ಟ್ಯೂಬು, ಹಗ್ಗ ಅವನೇ ತಂದಿದ್ದ. ಒಬ್ಬರೇ ಎಂದೂ ನೀರಿಗೆ ಇಳಿಯಬಾರದು ಎಂಬುದು ಅವನ ಮೊದಲ ನಿಯಮ.

ಓದುಗರೇ, ನೀರು ಎಂಥ ಪರೀಕ್ಷೆ ಎಂದು ಇಳಿದವರಿಗೇ ಗೊತ್ತು. ಮುಖ ಮುಳುಗಿಸಿದ ಕೂಡಲೇ ಉಸಿರು ಬಿಗಿ ಹಿಡಿಯುತ್ತಿದ್ದೆವು. "ಹಿಡಿಯಬೇಡಿ, ನೀರೊಳಗೇ ಬಿಡಿ. ಹಳೆಯ ಉಸಿರು ಹೊರಗೆ ಹೋಗದಿದ್ದರೆ ಹೊಸತಕ್ಕೆ ಜಾಗ ಎಲ್ಲಿ?" ಎನ್ನುತ್ತಿದ್ದ. ಹೆದರಿ ತಲೆ ಎತ್ತಿದರೆ ಕಾಲು ಮುಳುಗುತ್ತಿತ್ತು, ಕಾಲು ಮುಳುಗಿದರೆ ಇನ್ನೂ ಹೆದರಿಕೆ. ಗಣಿತದವರಿಗೆ ಬರೀ ತೇಲುವುದಕ್ಕೆ ಹತ್ತೊಂಬತ್ತು ದಿನ ಬೇಕಾಯಿತು. ಹತ್ತೊಂಬತ್ತು ದಿನವೂ ಅವನು ಬೆನ್ನಿನ ಅಡಿಗೆ ಅಂಗೈ ಇಟ್ಟು ನಿಂತ. ಅದೇ ಅಂಗೈ. "ಹಿಡಿದಿದ್ದೇನೆ ಮಾಷ್ಟ್ರೇ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಹಿಂದಿ ಟೀಚರ್ ಎರಡೇ ವಾರದಲ್ಲಿ ಕಲಿತರು. ಅವರನ್ನು ತೋರಿಸಿ "ನೋಡಿ, ಅವರಿಗೆ ಬರುತ್ತದೆ, ನಿಮಗೆ ಯಾಕೆ ಬರುವುದಿಲ್ಲ?" ಎಂದು ಒಂದು ದಿನವೂ ಅವನು ಹೇಳಲಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತರೆ ತರಗತಿ ಹೇಗೆ ಕಾಣುತ್ತದೆ ಎಂದು ನಮಗೆ ಆ ನೀರಿನಲ್ಲಿ ಗೊತ್ತಾಯಿತು.

ಜನವರಿಯ ಒಂದು ಬೆಳಿಗ್ಗೆ ದಡದಲ್ಲಿ ತಲೆ ಒರೆಸಿಕೊಳ್ಳುತ್ತಾ ಮಗಳ ಬಗ್ಗೆ ವಿಚಾರಿಸಿದೆವು. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾಳಂತೆ, ಯು.ಕೆ.ಜಿ. ಅಷ್ಟು ಸಾಕಾಯಿತು ನಮಗೆ. ಭಾಷಣ ಶುರು ಮಾಡಿದೆವು. ಮಾತೃಭಾಷೆ, 1956, ಗಡಿನಾಡಿನ ಕನ್ನಡದ ಉಳಿವು, ಒಂದನೆಯ ತರಗತಿಗೆ ಮಕ್ಕಳೇ ಇಲ್ಲದ್ದು. ನೀವೂ ಇಂಥ ಭಾಷಣ ಕೇಳಿರುತ್ತೀರಿ, ಮಾಡಿಯೂ ಇರುತ್ತೀರಿ. ಅವನು ಹಗ್ಗ ಸುತ್ತುತ್ತಾ ಪೂರ್ತಿ ಕೇಳಿದ. ಆಮೇಲೆ ಹೇಳಿದ:

"ಕನ್ನಡ ಬೇಡ ಅಂತ ಅಲ್ಲ ಮಾಷ್ಟ್ರೇ. ಮನೆಯಲ್ಲಿ ಪೇಪರು ತರಿಸುವುದು ಕನ್ನಡದ್ದೇ. ಆದರೆ ಮಗುವನ್ನು ಸೇರಿಸಲಿಕ್ಕೆ ನಾನು ಆ ಗೇಟು ದಾಟಬೇಕಲ್ಲ. ಅದು ನನಗೆ ಆಗುವುದಿಲ್ಲ."

ಕೋಪ ಇರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ನಮ್ಮ ಬೆಂಚುಗಳು ಖಾಲಿಯಾದದ್ದಕ್ಕೆ ಕಾರಣಗಳ ದೊಡ್ಡ ಪಟ್ಟಿಯೇ ನಮ್ಮಲ್ಲಿತ್ತು. ಇಂಗ್ಲಿಷಿನ ಮೋಹ, ಕೆಲಸದ ಚಿಂತೆ, ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದ್ದು. ಅದಕ್ಕಾಗಿ ನಾವು ಧರಣಿಯನ್ನೂ ಕೂತಿದ್ದೇವೆ. ಆ ಪಟ್ಟಿ ಸುಳ್ಳಲ್ಲ. ಆದರೆ ಒಂದು ಬೆಂಚನ್ನು ಖಾಲಿ ಮಾಡಿದವರು ನಾವೇ ಎಂಬುದು ಅದರಲ್ಲಿ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಬೆತ್ತವನ್ನು ಅಟ್ಟಕ್ಕೆ ಹಾಕಿದ್ದೆವು. ನಾಲಿಗೆಯನ್ನು ಹಾಕಿರಲಿಲ್ಲ.

ಮರುದಿನ ಮೂವರೂ ಅವನ ಹತ್ತಿರ ತಪ್ಪಾಯಿತು ಎಂದೆವು. "ಅಯ್ಯೋ ಬಿಡಿ ಟೀಚರ್" ಎಂದು ನೀರಿಗೆ ಇಳಿದುಬಿಟ್ಟ. ಆ ದಿನವೂ ಪಾಠ ಎಂದಿನಂತೆಯೇ ನಡೆಯಿತು.

ಉಳಿದದ್ದನ್ನು ಬೇಗ ಹೇಳುತ್ತೇವೆ. ಏಪ್ರಿಲಿಗೆ ನೀರು ಇಳಿಯಿತು, ಜೂನಿನಲ್ಲಿ ಮಳೆ ಹಿಡಿಯಿತು. ಮಳೆಗಾಲವಿಡೀ ಬಿಡುವು ಸಿಕ್ಕಾಗ ಓಡಿದೆವು. ಸೈಕಲಿನಿಂದ ಇಳಿದ ಕೂಡಲೇ ಓಡಿದರೆ ಕಾಲು ನಮ್ಮದಲ್ಲ ಅನ್ನಿಸುತ್ತದೆ, ಇಟ್ಟಿಗೆ ಕಟ್ಟಿದ ಹಾಗೆ. ಈ ಅಭ್ಯಾಸಕ್ಕೆ ಆಟಗಾರರು ಇಟ್ಟ ಹೆಸರೂ 'ಬ್ರಿಕ್' ಎಂದೇ. ನಾಲ್ಕೈದು ನಿಮಿಷ ಚಿಕ್ಕ ಚಿಕ್ಕ ಹೆಜ್ಜೆ ಹಾಕಿದರೆ ಕಾಲು ತಿರುಗಿ ನಮ್ಮದಾಗುತ್ತದೆ. ಒಂದು ಆಟದಿಂದ ಇನ್ನೊಂದಕ್ಕೆ ದಾಟುವ ಹೊತ್ತನ್ನು ಟ್ರಯತ್ಲಾನಿನಲ್ಲಿ ನಾಲ್ಕನೆಯ ಆಟ ಎನ್ನುತ್ತಾರೆ. ಒದ್ದೆ ಕಾಲಿಗೆ ಸಾಕ್ಸ್ ಹಾಕಲು ಒಮ್ಮೆ ಪ್ರಯತ್ನಿಸಿ ನೋಡಿ, ಯಾಕೆ ಎಂದು ತಿಳಿಯುತ್ತದೆ.

2025ರ ಫೆಬ್ರವರಿಯ ಒಂದು ಶನಿವಾರ ನಮ್ಮದೇ ಟ್ರಯತ್ಲಾನ್ ಇಟ್ಟುಕೊಂಡೆವು. ಪದಕ ಇಲ್ಲ, ಬ್ಯಾನರ್ ಇಲ್ಲ. ಕಟ್ಟದ ನೀರಿನಲ್ಲಿ ಹದಿನೈದು ಸಲ ಆಚೀಚೆ ಹೋದರೆ 750 ಮೀಟರ್. ಕುಂಬಳೆ ಕಡೆಗೆ ಸೈಕಲಿನಲ್ಲಿ ಹೋಗಿ ಬಂದರೆ 20 ಕಿ.ಮೀ. ಮೈದಾನದ ಸುತ್ತ ಇಪ್ಪತ್ತೈದು ಸುತ್ತು ಓಡಿದರೆ 5 ಕಿ.ಮೀ. ಶಾಲೆಯ ಮಕ್ಕಳೆಲ್ಲ ದಡದಲ್ಲಿ ಸಾಲಾಗಿ ಕುಳಿತಿದ್ದರು. ಅವನು ಟ್ಯೂಬು ಹಿಡಿದು ನೀರಿನಲ್ಲೇ ಇದ್ದ. ಕೆಲಸದ ದಿನವಲ್ಲವೆಂದು ಮಗಳನ್ನೂ ಕರೆತಂದಿದ್ದ. ನಮ್ಮ ಸುತ್ತು ಎಣಿಸುವ ಕೆಲಸ ಅವಳದು. ಒಬ್ಬೊಬ್ಬರ ಮುಂದೆ ಹದಿನೈದು ಅಡಿಕೆ, ಒಂದು ಸಲ ಹೋದರೆ ಒಂದು ಅಡಿಕೆ ಬುಟ್ಟಿಗೆ.

ಹಿಂದಿ ಟೀಚರ್ 2 ಗಂಟೆ 14 ನಿಮಿಷಕ್ಕೆ ಮುಗಿಸಿದರು. ಕನ್ನಡದವರಿಗೆ ಆರಿಕ್ಕಾಡಿಯ ಹತ್ತಿರ ಚೈನು ಬಿದ್ದು ಎಂಟು ನಿಮಿಷ ಹೋಯಿತು, ಆದರೂ 2 ಗಂಟೆ 29. ಗಣಿತದವರು 2 ಗಂಟೆ 41ಕ್ಕೆ ಕೊನೆಯವರಾಗಿ ಬಂದರು. ಕೊನೆಯ ಐದು ಸುತ್ತು ಮಕ್ಕಳು ಕೂಗುತ್ತಾ ಅವರ ಜೊತೆಗೇ ಓಡಿದರು. ಕೊನೆಯವರಿಗಾಗಿ ಒಂದು ಶಾಲೆ ಇಡೀ ಕಾಯುವುದನ್ನು ನಾವು ನೋಡಿದ್ದು ಅದೇ ಮೊದಲು.

ಆಮೇಲೆ ಎಲ್ಲರೂ ಶಾಲೆಯ ಜಗಲಿಯಲ್ಲಿ ಕುಳಿತು ಅವಲಕ್ಕಿ ತಿಂದೆವು. ಅವನೂ ಬಂದಿದ್ದ. ಬಾಳೆ ಎಲೆ ಕೈಗೆ ಕೊಟ್ಟಾಗಷ್ಟೇ ನಮಗೆ ಹೊಳೆಯಿತು, ಗೇಟು ದಾಟಿ ಬಂದಿದ್ದಾನೆ ಎಂದು. ನಾವು ಏನೂ ಹೇಳಲಿಲ್ಲ. ಅವನೂ ಹೇಳಲಿಲ್ಲ. ಮಗಳು ಮಾತ್ರ ಗೋಡೆಯ ಮೇಲಿನ ವರ್ಣಮಾಲೆಯನ್ನು ಬೆರಳಿಟ್ಟು ನೋಡುತ್ತಿದ್ದಳು.

ಅವಳನ್ನು ನಮ್ಮ ಶಾಲೆಗೆ ಸೇರಿಸುತ್ತೀಯಾ ಎಂದು ನಾವು ಕೇಳಿಲ್ಲ. ಕೇಳುವುದೂ ಇಲ್ಲ. ನಮ್ಮ ತರಗತಿಯಲ್ಲಿ ಈಗ ಇರುವ ಮಕ್ಕಳಲ್ಲಿ ತೇಲುವುದಕ್ಕೆ ಹತ್ತೊಂಬತ್ತು ದಿನ ಬೇಕಾದವರು ಮೂರೋ ನಾಲ್ಕೋ ಜನ ಇದ್ದಾರೆ. ಒಬ್ಬನಿಗೆ ಭಾಗಾಕಾರ ಬರುವುದಿಲ್ಲ. ಅವನ ಪಕ್ಕ ಕುಳಿತುಕೊಳ್ಳಲು ನಮಗೆ ಇನ್ನೂ ಎರಡು ವರ್ಷ ಉಂಟು.

ಅಧ್ಯಾಪಕ ಮಿತ್ರರಲ್ಲಿ ಒಂದು ಮಾತು. ಟ್ರಯತ್ಲಾನೇ ಆಗಬೇಕೆಂದಿಲ್ಲ. ನಿಮಗೆ ಸುತರಾಂ ಬಾರದ ಒಂದು ವಿದ್ಯೆಗೆ ಈ ವರ್ಷ ವಿದ್ಯಾರ್ಥಿಯಾಗಿ ಸೇರಿಕೊಳ್ಳಿ. ಸಾಧ್ಯವಾದರೆ ನಿಮ್ಮ ಹಳೆಯ ವಿದ್ಯಾರ್ಥಿಯ ಹತ್ತಿರವೇ ಸೇರಿ. ಡಿಸೆಂಬರಿನಲ್ಲಿ ಈ ಕಡೆ ಬಂದರೆ ಬೆಳಿಗ್ಗೆ ಆರೂವರೆಗೆ ನಾವು ಕಟ್ಟದ ಹತ್ತಿರ ಸಿಗುತ್ತೇವೆ. ಟವೆಲ್ ತನ್ನಿ.